ಎಲೆ ಮಡಿಚಿದ್ದು ಯಾವ ಕಡೆಗೆ?

ಕನ್ನಡದಲ್ಲಿ ‘ಕೇಳು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಪ್ರಶ್ನೆ ಮಾಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಇವೆರಡಕ್ಕೂ ಒಂದೇ ಶಬ್ದವೇಕೆಂಬುದನ್ನು ವೈಯಾಕರಣರು ಚರ್ಚಿಸಲಿ. ಒಕ್ಕಲುತನವನ್ನು ಕಲಿಸಹೊರಟವರಿಗಂತೂ ಈ ಒಂದು ಮಾತಿನಲ್ಲಿಯೇ ಅರ್ಧ ಪಾಠ ಅಡಗಿದೆ.

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲುದಾರಿಯಲ್ಲಿ ಕರ್ಜಗಿ ಎಂಬ ಊರು ಬರುತ್ತದೆ. ವರದಾ ನದಿಯ ಸೀಮೆ. ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿಗಳ ನಾಡು. ಇಲ್ಲಿಯ ರೈತನೊಬ್ಬನ ಮೆಣಸಿನ ಗಿಡಗಳ ಎಲೆ ಮುದುಡಿತೆನ್ನಿ. ಅವನು ಅಂಗಡಿಗೆ ಹೋಗಿ ಹೇಳುವುದು ಒಂದೇ ಮಾತು: “ಮುಟುರು ಬಂದೈತಿ.” ಅಂಗಡಿಯವನು ಒಂದು ಬಾಟಲಿ ಕೊಡುತ್ತಾನೆ. ರೈತನು ಹಣ ತೆರುತ್ತಾನೆ, ಇಲ್ಲವೆ ಸಾಲ ಬರೆಯಿಸುತ್ತಾನೆ. ಅಲ್ಲಿಗೆ ಪ್ರಶ್ನೋತ್ತರ ಮುಗಿಯಿತು.

ಆದರೆ ಮುಟುರು ಎಂಬುದು ಒಂದೇ ರೋಗದ ಹೆಸರಲ್ಲ. ಎಲೆಯ ಅಂಚು ಮೇಲಕ್ಕೆ ಮಡಿಚಿ ದೋಣಿಯಂತಾದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಕೆಳಕ್ಕೆ ಮಡಿಚಿ ಕವುಚಿ ಹಾಕಿದ ದೋಣಿಯಂತಾದರೆ ಮೈಟ್ ನುಸಿಯದು. ಹೆಸರಿನಲ್ಲಿ ಎರಡೂ ನುಸಿಗಳಾದರೂ ಮೊದಲನೆಯದು ಕೀಟ. ಎರಡನೆಯದು ಎಂಟು ಕಾಲಿನ, ಜೇಡನ ಬಳಗದ ಪ್ರಾಣಿ. ಒಂದನ್ನು ಕೊಲ್ಲುವ ಔಷಧಿಗೆ ಇನ್ನೊಂದು ಅನೇಕ ವೇಳೆ ಜಗ್ಗುವುದಿಲ್ಲ. ನುಸಿಯನ್ನು ತಿಂದು ಬದುಕುವ ಉಪಕಾರಿ ಜೀವಿಗಳಷ್ಟೇ ಸತ್ತು, ನುಸಿ ಇಮ್ಮಡಿಯಾಗುವುದೂ ಉಂಟು. ಬಿಳಿನೊಣ ಹರಡುವ ನಂಜುರೋಗವಾಗಿದ್ದರೆ, ಅದು ತಗುಲಿದ ಗಿಡವನ್ನು ಗುಣಪಡಿಸುವ ಔಷಧಿಯೇ ಇಲ್ಲ. ಆದುದರಿಂದ ಬಾಟಲಿಗೆ ಕೈ ಹಾಕುವ ಮೊದಲು ಯಾರಾದರೊಬ್ಬರು ರೈತನನ್ನು ತಿರುಗಿ ಕೇಳಬೇಕಾಗಿತ್ತು: “ಎಲೆ ಮಡಿಚಿದ್ದು ಯಾವ ಕಡೆಗೆ?” ಕಾಸಿಲ್ಲದ ಪ್ರಶ್ನೆ! ಅದನ್ನು ಕೇಳದೆ ಹೋದುದಕ್ಕೆ ಬೆಲೆಯಾಗಿ ಒಂದು ಹಂಗಾಮಿನ ಬೆಳೆಯೇ ಹೋದೀತು. ಅದರ ಹಿಂದೆಯೇ ಮಗಳ ಮದುವೆ, ಮಗನ ಓದು, ಎಲ್ಲವೂ ಮುಂದಕ್ಕೆ ಹೋದಾವು.

ರೈತನಿಗೆ ಹೇಳುವವರಿಗೇನೂ ಎಂದೂ ಕೊರತೆಯಿರಲಿಲ್ಲ. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಬಂದಿತು. 1952ರ ಅಕ್ಟೋಬರ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ ಗ್ರಾಮಸೇವಕರು ಹಳ್ಳಿಹಳ್ಳಿಗೆ ನಡೆದರು. ಅವರ ಉಪಕಾರ ಸಣ್ಣದಲ್ಲ. ಆದರೂ ಒಂದು ತೊಡಕು ಉಳಿಯಿತು. ರೇಡಿಯೋ ಹೇಳಿದ್ದನ್ನು ರೈತ ಕೇಳಿದ. ರೈತ ಕೇಳಿದ್ದನ್ನು ರೇಡಿಯೋ ಕೇಳಲಾರದು. ಕಾಗದ ಬರೆದು ಉತ್ತರಕ್ಕೆ ಕಾಯುವಷ್ಟರಲ್ಲಿ ಹುಳ ತನ್ನ ಊಟ ಮುಗಿಸಿರುತ್ತಿತ್ತು.

ಇಂದು ಆ ದೂರ ಬಹಳಷ್ಟು ಕುಗ್ಗಿದೆ. 2000ದಿಂದೀಚೆಗೆ ಕರ್ನಾಟಕದಲ್ಲಿ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಾಯಿತು. 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಆರಂಭವಾಗಿ, ಹೊಲದ ಬದುವಿನ ಮೇಲೆ ನಿಂತೇ ಕನ್ನಡದಲ್ಲಿ ಪ್ರಶ್ನಿಸುವುದು ಸಾಧ್ಯವಾಯಿತು. ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ತರಬೇತಿ ಕೊಡುವುದಷ್ಟೇ ಇಂಥ ಕೇಂದ್ರಗಳ ಕರ್ತವ್ಯವಲ್ಲ. ಹೊಸ ತಳಿಯನ್ನೋ ಹೊಸ ಕ್ರಮವನ್ನೋ ರೈತನ ಹೊಲದಲ್ಲಿಯೇ ಬೆಳೆಸಿ ತೋರಿಸಿ, ಅವನು ಮೆಚ್ಚಿದ್ದನ್ನೂ ಮೂಗು ಮುರಿದದ್ದನ್ನೂ ಸಂಶೋಧಕರಿಗೆ ಮುಟ್ಟಿಸುವುದೂ ಅವುಗಳ ಕೆಲಸವೇ. ಹೋದ ದಾರಿಯಲ್ಲಿಯೇ ಮಾತು ತಿರುಗಿ ಬರಬೇಕು.

ಅದು ಏಕೆ ಬರಬೇಕೆಂಬುದನ್ನು 2021 ತೋರಿಸಿಕೊಟ್ಟಿತು. ಆ ವರ್ಷ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಿಗೆ ಹೊಸದೊಂದು ಕಪ್ಪು ಥ್ರಿಪ್ಸ್ ಮುತ್ತಿತು. ಅದು ಎಲೆಗಿಂತ ಹೆಚ್ಚಾಗಿ ಹೂವಿನೊಳಗೆ ಗುಂಪುಗೂಡುತ್ತದೆ. ಹೂವು ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಎಲೆಯನ್ನು ನೋಡೆಂದು ಹೇಳಿದ ಹಳೆಯ ಪಾಠ ಅಲ್ಲಿ ಸಾಲದಾಯಿತು. ಹೂವನ್ನು ಬಿಡಿಸಿ ಕಂಡವನೇ ಗುರು. ಅವನ ಮಾತನ್ನು ಕೇಳಿದವನೇ ಜಾಣ.

ರೈತನು ಗುರುವಾದುದು ಹೊಸ ಸಂಗತಿಯೂ ಅಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಕರ್ಜಗಿಯ ನೆರೆಯದೇ. ಸುಕ್ಕುಗಟ್ಟಿದ ಮೈ, ಗಾಢ ಕೆಂಪು ಬಣ್ಣ, ಕಡಿಮೆ ಖಾರ. ಡಬ್ಬಿಯೆಂದೂ ಕಡ್ಡಿಯೆಂದೂ ಎರಡು ಬಗೆ. ಕಣದಲ್ಲಿ ಕುಳಿತು, ಒಳ್ಳೆಯ ಹಣ್ಣನ್ನು ಬೀಜಕ್ಕೆಂದು ಎತ್ತಿಟ್ಟ ಅಜ್ಜಿಯರ ಆಯ್ಕೆ ತಲೆಮಾರುಗಟ್ಟಲೆ ನಡೆದು ಬಂದಿರುವ ತಳಿ ಅದು. ಆ ಅಜ್ಜಿಯರ ಮೊಮ್ಮಕ್ಕಳನ್ನು ತರಬೇತಿಯ ಕೋಣೆಯಲ್ಲಿ ಕೂಡಿಸಿ, ಬರಿಯ ಭಾಷಣ ಮಾಡಿ, ಹಾಜರಿ ಪುಸ್ತಕಕ್ಕೆ ರುಜು ಹಾಕಿಸಿ ಕಳಿಸಿದರೆ ಕಲಿತದ್ದು ಯಾರು?

ಭಾಷಣ ಮುಗಿದ ಮೇಲೆ, ಎಲ್ಲರೂ ಚಹಾದ ಕಡೆಗೆ ಹೊರಟಾಗ, ಹಿಂದಿನ ಸಾಲಿನ ರೈತನೊಬ್ಬನು ಸಂಕೋಚದಿಂದ ಮುಂದೆ ಬರುವುದುಂಟು. ಪಂಚೆಯ ತುದಿಯಲ್ಲಿ ಕಟ್ಟಿ ತಂದ ಬಾಡಿದ ಎಲೆಯೊಂದನ್ನು ಬಿಚ್ಚಿ ಅಂಗೈಯಲ್ಲಿ ಹಿಡಿಯುತ್ತಾನೆ. ಆ ದಿನದ ತರಬೇತಿ ನಿಜವಾಗಿ ಆರಂಭವಾಗುವುದು ಆಗ. ಎದುರಿಗಿದ್ದವರು ಚಹಾದ ಲೋಟವನ್ನು ಕೆಳಗಿಟ್ಟರೆ.