ಬಿಡುವುದೂ ಬಚ್ಚಿಡುವುದೂ

ಮಕ್ಕಳ ಮನರಂಜನೆಗೆಂದು ಹುಟ್ಟಿದ ಪಾತ್ರಕ್ಕೆ ಎರಡು ಬೆಲೆಗಳುಂಟು. ಒಂದು ಮಗುವಿನ ಮನಸ್ಸಿನಲ್ಲಿ, ಇನ್ನೊಂದು ಒಡೆಯನ ಖಾತೆಯಲ್ಲಿ. ಎರಡನೆಯದು ಕುಸಿದಾಗ ಕಂಪನಿಗಳು ಆ ಪಾತ್ರವನ್ನು ಮಾರುತ್ತವೆ, ಇಲ್ಲವೆ ಮುಚ್ಚಿಡುತ್ತವೆ. ಈ ಎರಡು ಕ್ರಿಯೆಗಳ ಅಂತರವು ಧರ್ಮದೃಷ್ಟಿಯಿಂದ ಚಿಂತನಾರ್ಹವಾದುದು.

ಅಮೆರಿಕದ ಜಿಮ್ ಹೆನ್ಸನ್ ‘ಮಪೆಟ್’ ಬೊಂಬೆಗಳ ಸೃಷ್ಟಿಕರ್ತರು. 1990ರಲ್ಲಿ ಅವರು ನಿಧನರಾದರು. 2000ದಲ್ಲಿ ಅವರ ಕುಟುಂಬ ತನ್ನ ಸಂಸ್ಥೆಯನ್ನು ಜರ್ಮನಿಯ ಇಎಂ.ಟಿವಿ ಕಂಪನಿಗೆ ಸುಮಾರು 68 ಕೋಟಿ ಡಾಲರಿಗೆ ಮಾರಿತು. ಮಿತಿಮೀರಿ ಕೊಳ್ಳುತ್ತ ಹೋದ ಆ ಕಂಪನಿಯ ಷೇರುಗಳು ಬೇಗನೆ ನೆಲಕಚ್ಚಿದವು. 2003ರಲ್ಲಿ ಅದೇ ಕುಟುಂಬ ಸುಮಾರು 8.4 ಕೋಟಿ ಡಾಲರಿಗೆ ಸಂಸ್ಥೆಯನ್ನು ಮರಳಿ ಪಡೆಯಿತು. ಸೆಸಮಿ ಸ್ಟ್ರೀಟ್‌ನ ಪಾತ್ರಗಳು ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು, ನಿಜ. ಆದರೂ ಕುಸಿದದ್ದು ಬೊಂಬೆಗಳ ಗುಣವಲ್ಲ, ಕೊಂಡವರ ಲೋಭ ಕಟ್ಟಿದ ಬೆಲೆ. 2004ರಲ್ಲಿ ಮಪೆಟ್‌ಗಳು ಡಿಸ್ನಿಯ ಕೈಸೇರಿದವು. 2011ರಲ್ಲಿ ಮತ್ತೆ ಬೆಳ್ಳಿತೆರೆಗೆ ಬಂದು ಮಕ್ಕಳನ್ನು ನಗಿಸಿದವು.

ಮುಚ್ಚಿಡುವ ಬಗೆ ಬೇರೆ. 2022ರ ಏಪ್ರಿಲ್‌ನಲ್ಲಿ ಎರಡು ಸಂಸ್ಥೆಗಳು ಕೂಡಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಎಂಬ ಕಂಪನಿಯಾಯಿತು. ಅದರ ತಲೆಯ ಮೇಲೆ ಭಾರಿ ಸಾಲವಿತ್ತು. ಅದೇ ಆಗಸ್ಟಿನಲ್ಲಿ, ಬಹುಪಾಲು ಮುಗಿದಿದ್ದ ‘ಸ್ಕೂಬ್! ಹಾಲಿಡೇ ಹಾಂಟ್’ ಎಂಬ ಮಕ್ಕಳ ವ್ಯಂಗ್ಯಚಲನಚಿತ್ರವನ್ನು ಅದು ರದ್ದುಗೊಳಿಸಿತು. ಹೂಡಿದ ಹಣವನ್ನು ನಷ್ಟವೆಂದು ಬರೆದರೆ ತೆರಿಗೆ ತಗ್ಗುತ್ತದೆ, ಪ್ರಚಾರದ ವೆಚ್ಚವೂ ಉಳಿಯುತ್ತದೆ. ಹೀಗೆ ತೋರಿಸದಿರುವುದೇ ಲಾಭವಾಗುತ್ತದೆ. ವಾದ್ಯಗಾರರಿಗೆ ಮೊದಲೇ ಹಣ ಸಂದಿದ್ದರಿಂದ, ರದ್ದಾದ ಚಿತ್ರಕ್ಕೂ ಸಂಗೀತ ಧ್ವನಿಮುದ್ರಣವಾಯಿತು. ಅದನ್ನು ಕೇಳಬೇಕಾದ ಮಕ್ಕಳು ಮಾತ್ರ ಕೇಳಲಿಲ್ಲ.

ಸಾಲ ತೀರಿಸಬೇಕಾದ ವ್ಯಾಪಾರಿಯನ್ನು ನಿಂದಿಸುವುದು ಸುಲಭ. ಶ್ರಾವಕಧರ್ಮವು ವ್ಯಾಪಾರವನ್ನು ನಿಷೇಧಿಸಿಲ್ಲ. ಪರಿಗ್ರಹಕ್ಕೆ ಪರಿಮಾಣವನ್ನು ವಿಧಿಸಿದೆ. ಪರಿಗ್ರಹದ ಮೂಲವು ವಸ್ತುವಿನಲ್ಲಿಲ್ಲ, ‘ಇದು ನನ್ನದು’ ಎಂಬ ಮೂರ್ಛೆಯಲ್ಲಿದೆ. ಮಾರಿದವನು ಕೈಬಿಡುತ್ತಾನೆ, ಆ ವಸ್ತುವನ್ನು ಪೋಷಿಸುವ ಅವಕಾಶ ಮತ್ತೊಬ್ಬನಿಗೆ ದೊರೆಯುತ್ತದೆ. ಬಚ್ಚಿಟ್ಟವನದು ತಾನೂ ಉಣ್ಣದ, ಪರರಿಗೂ ಇಕ್ಕದ ಕಣಜ. ನೂರಾರು ಕಲಾವಿದರ ಶ್ರಮವೂ ಮಕ್ಕಳ ಸಂತೋಷವೂ ಅದರಲ್ಲಿ ಕೊಳೆಯುತ್ತವೆ.

ಬೇರೆ ದಾರಿಯೂ ಉಂಟು. ಅದೇ ಕಂಪನಿ 2023ರಲ್ಲಿ ಬದಿಗಿಟ್ಟಿದ್ದ ‘ಕಯೋಟಿ ವರ್ಸಸ್ ಆಕ್ಮಿ’ ಚಿತ್ರವನ್ನು, ಕಲಾವಿದರ ಪ್ರತಿಭಟನೆಯ ತರುವಾಯ, 2025ರಲ್ಲಿ ಮತ್ತೊಂದು ಸಂಸ್ಥೆಗೆ ಮಾರಿತು. ತನಗೆ ಬೇಡವಾದುದನ್ನು ಬೇಕೆಂಬವರಿಗೆ ಬಿಟ್ಟುಕೊಡುವುದು ಮಹಾತ್ಯಾಗವೇನಲ್ಲ. ಆದರೆ ಅಪರಿಗ್ರಹದ ಮೊದಲ ಮೆಟ್ಟಿಲು ಅದೇ.