ಬಿಚ್ಚಿದ ಎಳೆ, ಕೊಟ್ಟ ಮಾತು

ನವಲಗುಂದದ ಜಮಖಾನೆಗಳನ್ನು ನೇಯುವವರು ಮಹಿಳೆಯರು. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿ ನೂಲನ್ನು ಹಾಸಿನೊಳಗೆ ಕೈಯಿಂದಲೇ ತೂರಿಸಿ, ಪಂಜದಿಂದ ಬಡಿದು ಬಿಗಿಗೊಳಿಸುತ್ತಾರೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಕಸುಬು ನನಗೆ ಬಂದದ್ದು ತಾಯಿಯಿಂದ.

ನೆರೆಯ ವೃದ್ಧೆಯೊಬ್ಬರಿಗೆ ರಮಝಾನ್‌ಗೆ ಮುನ್ನ ಜಾನಮಾಝ್ ನೇಯ್ದು ಕೊಡುವೆನೆಂದು ಮಾತು ಕೊಟ್ಟಿದ್ದೆ. ಅರ್ಧ ಮುಗಿದಾಗ ಮಿಹ್ರಾಬಿನ ಒಂದು ಪಕ್ಕ ವಾಲಿರುವುದು ಕಂಡಿತು. ಎಳೆ ಎಣಿಸುವಲ್ಲಿ ತಪ್ಪಿದ್ದೆ. ಎರಡು ಸಲ ಬಿಚ್ಚಿ ನೇಯ್ದರೂ ಸರಿಹೋಗಲಿಲ್ಲ. ಸಿಟ್ಟಿನಿಂದ ಹಾಸನ್ನೇ ಕತ್ತರಿಸಲು ಮುಂದಾದೆ.

“ನೂಲನ್ನು ಕತ್ತರಿಸಬಹುದು ಮಗಳೇ, ಕೊಟ್ಟ ಮಾತನ್ನು?” ಎಂದರು ತಾಯಿ.

ಸೂರಃ ಅನ್ನಹ್ಲ್‌ನ 92ನೇ ವಚನ ನೆನಪಾಯಿತು. ಗಟ್ಟಿಯಾಗಿ ನೂತ ನೂಲನ್ನು ತಾನೇ ಚೂರುಚೂರು ಮಾಡಿದ ಸ್ತ್ರೀಯ ಉಪಮೆಯನ್ನು ಅಲ್ಲಾಹನು ನೀಡಿರುವುದು ಕರಾರು ಮುರಿಯುವವರನ್ನು ಎಚ್ಚರಿಸಲು. ತಪ್ಪಿದಲ್ಲಿಯವರೆಗೆ ಬಿಚ್ಚಿ ತಿದ್ದುವುದು ತೌಬಾದಂತೆ. ಸಿಟ್ಟಿನಲ್ಲಿ ಎಲ್ಲವನ್ನೂ ಹರಿಯುವುದು ನಿರಾಶೆ.

ವುಝೂ ಮಾಡಿ, ಅಸರ್ ನಮಾಝ್ ಮುಗಿಸಿ, ಎಳೆಗಳನ್ನು ಮೊದಲಿನಿಂದ ಎಣಿಸಿದೆ. ಜಾನಮಾಝ್ ಮುಗಿದಾಗ ರಮಝಾನ್‌ನ ಹತ್ತು ದಿನ ಕಳೆದಿದ್ದವು. ಕ್ಷಮೆ ಕೇಳಿ ಕೊಟ್ಟೆ. ಆ ಅಜ್ಜಿ ಅದನ್ನು ಹಾಸಿ, ಅಲ್ಲಿಯೇ ಎರಡು ರಕಅತ್ ನಮಾಝ್ ಮಾಡಿದರು.

ಅಲ್ಲಾಹನು ನಮಗೆ ಸಹನೆಯನ್ನೂ ಮಾತು ಉಳಿಸಿಕೊಳ್ಳುವ ಬಲವನ್ನೂ ಕರುಣಿಸಲಿ. ಆಮೀನ್.