ಹೆದೆಯಿಂದ ಬಿಲ್ಲಿಗೆ

ಕೋನ ಕೊಟ್ಟರೆ ಸೈನ್ ಹೇಳುವುದು ಸುಲಭ. ಸೈನ್ ಕೊಟ್ಟು ಕೋನ ಕೇಳಿದಾಗಲೇ ನನಗೆ ಆಟ ರುಚಿಸುವುದು. ಪೈಥಾನಿನಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ, ಕಚೇರಿ ಕೆಲಸಕ್ಕೆ ನಾನೂ ಅದನ್ನೇ ಕರೆಯುತ್ತೇನೆ. ಬಿಡುವಿದ್ದಾಗ ಅದನ್ನು ಬದಿಗಿಟ್ಟು, ಬರೀ ಗುಣಾಕಾರ, ವರ್ಗಮೂಲಗಳಿಂದ ಕೋನ ಹಿಡಿಯಲು ಕೂರುತ್ತೇನೆ.

ಈ ಆಟದಲ್ಲಿ ನನ್ನ ಗುರು ಹಳೆಯ ಕಾಲದ ಗಣಿತಜ್ಞ ಮಹಾವೀರಾಚಾರ್ಯರು. ನಮ್ಮ ಧಾರೂರಿನಲ್ಲಿ ರೈಲು ಹತ್ತಿದರೆ ತಾಂಡೂರು, ಸೇಡಂ ದಾಟಿ ಮಳಖೇಡ ರೋಡ್ ಬರುತ್ತದೆ. ತಾಂಡೂರಿನ ಮಗ್ಗುಲಲ್ಲಿ ಹರಿವ ಕಾಗಿಣಾ ಹೊಳೆಯೇ ಮುಂದೆ ಮಳಖೇಡದ ಕೋಟೆಯ ಬುಡಕ್ಕೂ ಹೋಗುತ್ತದೆ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿಯೇ ಆಚಾರ್ಯರ ‘ಗಣಿತಸಾರಸಂಗ್ರಹ’ ಶುರುವಾಗುತ್ತದೆ. ಕಾಲ ಸುಮಾರು ಕ್ರಿ.ಶ. 850. ಬಿಲ್ಲಿನಾಕಾರದ ಕ್ಷೇತ್ರಕ್ಕೆ ಅದರಲ್ಲೊಂದು ಸೂತ್ರ: ಬಾಣದ (ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗಿರುವ ದೂರ) ವರ್ಗವನ್ನು 6ರಿಂದ ಗುಣಿಸಿ, ಹೆದೆಯ ವರ್ಗ ಕೂಡಿಸಿ, ವರ್ಗಮೂಲ ತೆಗೆದರೆ ಬಿಲ್ಲಿನ ಉದ್ದ. ಒರಟು ಲೆಕ್ಕ ಸಾಕಾದರೆ 6ರ ಬದಲು 5. ತ್ರಿಜ್ಯ 1 ಎಂದಿಟ್ಟುಕೊಳ್ಳಿ. ಅರ್ಧ ಹೆದೆಯೇ ಸೈನ್, ಅರ್ಧ ಬಿಲ್ಲೇ ರೇಡಿಯನ್ನಿನಲ್ಲಿ ಕೋನ. ಕೋಡಿನಲ್ಲಿ ಒಂದೇ ಸಾಲು!

ಸೈನ್ 0.5 ಕೊಟ್ಟರೆ 30 ಡಿಗ್ರಿ ಬರಬೇಕು, 30.15 ಬರುತ್ತದೆ. ಹಾಗಾದರೆ 6ರ ಜಾಗದಲ್ಲಿ ನಿಜಕ್ಕೂ ಇರಬೇಕಾದ ಅಂಕಿ ಯಾವುದು? ಬಿಡಿಸುತ್ತ ಹೋದರೆ ಅದು ಒಂದೆಡೆ ನಿಲ್ಲುವುದೇ ಇಲ್ಲ. ತೀರಾ ಸಣ್ಣ ಬಿಲ್ಲಿಗೆ 16/3, ಅಂದರೆ 5.33; ಬಿಲ್ಲು ಬಾಗಿದಷ್ಟೂ ಏರುತ್ತ ಅರ್ಧವೃತ್ತದಲ್ಲಿ 5.87. ಆಚಾರ್ಯರ 5 ಮತ್ತು 6 ಈ ಇಡೀ ಓಟವನ್ನು ಎರಡೂ ಬದಿಯಿಂದ ಹಿಡಿದಿವೆ. ಅರ್ಧವೃತ್ತಕ್ಕೆ 5 ಹಾಕಿ ನೋಡಿ, ಪೈ ಬೆಲೆ 3 ಆಗುತ್ತದೆ; 6 ಹಾಕಿದರೆ 10ರ ವರ್ಗಮೂಲ. ಪೈಗೆ ಅವರು ಹಿಡಿದ ಒರಟು ಬೆಲೆ, ಸೂಕ್ಷ್ಮ ಬೆಲೆ ಇವೇ ಎರಡು. ಇದನ್ನು ಕಂಡ ಸಂಜೆ ನನಗೆ ಊಟದ ನೆನಪೇ ಆಗಲಿಲ್ಲ.

16/3 ಹಾಕಿದರೆ 0.5ಕ್ಕೆ ಉತ್ತರ 29.99. ಆದರೆ 90ರ ಹತ್ತಿರ ಅದು ಸೋಲುತ್ತದೆ, 87.5 ಅನ್ನುತ್ತದೆ. ಆಗ ಕೋನವನ್ನು ಅರ್ಧ ಮಾಡಬೇಕು: ಬಾಣವನ್ನು 2ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಅರ್ಧಕೋನದ ಸೈನ್. ಅದರ ಕೋನ ಹುಡುಕಿ ಇಮ್ಮಡಿಸಿದರೆ 89.82, ಇನ್ನೊಮ್ಮೆ ಅರ್ಧಿಸಿ ನಾಲ್ಮಡಿಸಿದರೆ 89.99.

ಒಂದು ಎಚ್ಚರ ಬೇಕು. ಬಾಣವೆಂದರೆ 1ರಲ್ಲಿ ಕೊಸೈನ್ ಕಳೆದದ್ದು. ಕೋನ ಚಿಕ್ಕದಾದಂತೆ ಎರಡೂ ಸರಿಸುಮಾರು ಸಮವಾಗಿ, ಕಳೆಯುವಾಗ ಕಂಪ್ಯೂಟರಿನಲ್ಲಿ ಬೆಲೆಯುಳ್ಳ ಅಂಕಿಗಳು ಉದುರಿಹೋಗುತ್ತವೆ. ಸೈನಿನ ವರ್ಗವನ್ನು, 1ಕ್ಕೆ ಕೊಸೈನ್ ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ. ಸಿಗುವುದು ಅದೇ ಬಾಣ, ಅಂಕಿಯೊಂದೂ ಕಳೆಯದೆ.